ಹೈನ್ರಿಕ್ ಹರ್ಟ್ಸ್: ಮೊದಲ ಆಂಟೆನಾ ಕಟ್ಟಿದ ಕೈಗಳು

ಭೌತಶಾಸ್ತ್ರದ ನೋಟ್ಸಿನಲ್ಲಿ ನಾವು ದಿನಕ್ಕೆ ಹತ್ತಾರು ಸಲ ಬರೆಯುವ ಹೆಸರೊಂದಿದೆ. ಮನೆಗೆ ಬರುವ ಕರೆಂಟು 50 ಹರ್ಟ್ಸ್. ಎಫ್‌ಎಂ ರೇಡಿಯೋ ನೂರು ಮೆಗಾಹರ್ಟ್ಸ್‌ನ ಆಸುಪಾಸು. ವೈಫೈ ಗಿಗಾಹರ್ಟ್ಸ್‌ನಲ್ಲಿ. ಯೂನಿಟ್ ಬರೆಯದಿದ್ದರೆ ಅಂಕ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಆ ಯೂನಿಟ್ ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ನಮ್ಮ ಹಾಗೆ ತಂತಿ ಕತ್ತರಿಸಿ, ಅಳೆದು, ತಪ್ಪು ಮಾಡಿ ಕಲಿತವರು ಎಂಬುದು ಮಾತ್ರ ಕಳೆದ ವರ್ಷದವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ತಲೆಗೆ ಹೋಗುವಂತೆ ಮಾಡಿದ್ದು ನಾವೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಪ್ರಥಮ ಪಿಯುಸಿಯಲ್ಲಿದ್ದಾಗ ವಿಜ್ಞಾನ ಪ್ರದರ್ಶನಕ್ಕೆ ನಾನು ಮತ್ತು ಇಬ್ಬರು ಗೆಳೆಯರು ಹ್ಯಾಮ್ ರೇಡಿಯೋ ಆಂಟೆನಾ ಮಾಡಲು ಹೊರಟೆವು. ನಮ್ಮ ಭೌತಶಾಸ್ತ್ರದ ಉಪನ್ಯಾಸಕರಿಗೆ ಹ್ಯಾಮ್ ಲೈಸೆನ್ಸ್ ಇದೆ. ಲೈಸೆನ್ಸ್ ಇಲ್ಲದವರು ಪ್ರಸಾರದ ಗುಂಡಿ ಒತ್ತುವಂತಿಲ್ಲ, ಹಾಗಾಗಿ ಅದು ಅವರ ಕೆಲಸ. ತಂತಿ ಕಟ್ಟುವುದು ನಮ್ಮ ಕೆಲಸ. 145 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದೆವು. 300ನ್ನು 145ರಿಂದ ಭಾಗಿಸಿದರೆ ಅಲೆಯ ಉದ್ದ 2.07 ಮೀಟರ್. ಅದರ ಅರ್ಧ ಸುಮಾರು 1.03 ಮೀಟರ್. ತಂತಿಯಲ್ಲಿ ಶೇಕಡಾ 5ರಷ್ಟು ಕಡಿಮೆ ಹಿಡಿಯಬೇಕು, ಅಂದರೆ 98 ಸೆಂಟಿಮೀಟರ್. ನಡುವೆ ಕತ್ತರಿಸಿದರೆ ಒಂದೊಂದು ಕೈ 49 ಸೆಂಟಿಮೀಟರ್. ಹಳೆಯ ವೈರಿಂಗಿನ ತಾಮ್ರದ ತಂತಿ, ಒಂದು ಪಿವಿಸಿ ಪೈಪು, 50 ಓಮ್ ಕೇಬಲ್. ಇದಕ್ಕೆ ಡೈಪೋಲ್ ಎನ್ನುತ್ತಾರೆ.

ಲ್ಯಾಬಿನ ಕಿಟಕಿಯ ಕಬ್ಬಿಣದ ಸರಳುಗಳಿಗೆ ಪೈಪನ್ನು ಕಟ್ಟಿ ಮೀಟರ್ ಜೋಡಿಸಿದೆವು. ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿಕೊಂಡಿದೆ ಎಂಬುದನ್ನು ಎಸ್‌ಡಬ್ಲ್ಯುಆರ್ ಮೀಟರ್ ಹೇಳುತ್ತದೆ. ಮುಳ್ಳು 1 ತೋರಿಸಿದರೆ ಕಳಿಸಿದ್ದನ್ನೆಲ್ಲ ಆಂಟೆನಾ ತೆಗೆದುಕೊಂಡಿದೆ. 3 ತೋರಿಸಿದರೆ ಕಾಲು ಭಾಗ ಶಕ್ತಿ ಕೇಬಲ್ಲಿನಲ್ಲೇ ಹಿಂದಿರುಗುತ್ತಿದೆ. ನಮ್ಮದು 2.8 ತೋರಿಸಿತು. ತಂತಿ ಉದ್ದವಾಯಿತೇನೋ ಎಂದು ಒಂದೊಂದು ಸೆಂಟಿಮೀಟರ್ ಕತ್ತರಿಸಿದೆವು. 2.6 ಆಯಿತು. ಸಂತೋಷದಿಂದ ಮತ್ತೆ ಕತ್ತರಿಸಿದೆವು, ಮತ್ತೆ ಕತ್ತರಿಸಿದೆವು. 3 ದಾಟಿತು. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ. ಅಷ್ಟರಲ್ಲಿ ಸಂಜೆಯಾಗಿತ್ತು, ಬೆಳಗ್ಗೆ ಪ್ರದರ್ಶನ. ಚಾರ್ಟಿನಲ್ಲಿ ಅಳತೆಯ ಜಾಗ ಖಾಲಿ ಇತ್ತು. ನಾನೇ ಸ್ಕೆಚ್ ಪೆನ್ ತೆಗೆದುಕೊಂಡು ಅಲ್ಲಿ 1.1 ಎಂದು ಬರೆದೆ.

ಯಾರೂ ಪ್ರಶ್ನಿಸಲಿಲ್ಲ. ನಮಗೆ ಎರಡನೇ ಬಹುಮಾನವೂ ಬಂತು. ರಜೆಯಲ್ಲಿ ಉಪನ್ಯಾಸಕರು ಈ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಬದುಕಿನ ಬಗ್ಗೆ ಬರೆಯಲು ಹೇಳಿದರು, ಆಂಟೆನಾ ಮಾಡಿದವರಲ್ಲವೇ, ಹರ್ಟ್ಸ್ ಬಗ್ಗೆ ಓದು ಎಂದರು. ಓದುತ್ತಾ ಹೋದಂತೆ ಆ 1.1 ನನ್ನನ್ನು ಬಿಡಲಿಲ್ಲ.

ಹ್ಯಾಂಬರ್ಗಿನ ಹುಡುಗ

ಹೈನ್ರಿಕ್ ಹರ್ಟ್ಸ್ ಹುಟ್ಟಿದ್ದು 1857ರ ಫೆಬ್ರುವರಿ 22ರಂದು, ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಲ್ಲಿ. ತಂದೆ ಗುಸ್ತಾವ್ ಹರ್ಟ್ಸ್ ವಕೀಲರು, ಮುಂದೆ ನಗರದ ಸೆನೆಟ್ ಸದಸ್ಯರಾದವರು. ತಂದೆಯ ಕಡೆಯ ಮನೆತನ ಮೂಲದಲ್ಲಿ ಯಹೂದಿ, ಆದರೆ ಕ್ರೈಸ್ತ ಧರ್ಮಕ್ಕೆ ಸೇರಿತ್ತು. ಐವರು ಮಕ್ಕಳಲ್ಲಿ ಹೈನ್ರಿಕ್ ಹಿರಿಯ.

ಶಾಲೆಯಲ್ಲಿ ಅವರಿಗೆ ವಿಜ್ಞಾನದಷ್ಟೇ ಭಾಷೆಗಳೂ ಒಲಿದಿದ್ದವು. ಎರಡನೇ ಭಾಷೆಯಾಗಿ ಅರೇಬಿಕ್ ತೆಗೆದುಕೊಂಡಿರುವ ಗೆಳೆಯರು ಇದನ್ನು ಕೇಳಿ ಸಂತೋಷಪಡಬಹುದು: ಹರ್ಟ್ಸ್ ವಿದ್ಯಾರ್ಥಿಯಾಗಿದ್ದಾಗಲೇ ಅರೇಬಿಕ್ ಕಲಿತಿದ್ದರು. ಇದರ ಜೊತೆಗೆ ಮರಗೆಲಸ ಮತ್ತು ಲೇತ್ ಕೆಲಸವನ್ನೂ ಕಲಿತರು. ಮನೆಯಲ್ಲಿ ತಾವೇ ಉಪಕರಣಗಳನ್ನು ಮಾಡುತ್ತಿದ್ದರು. ಅವರಿಗೆ ಲೇತ್ ಕಲಿಸಿದ ಮೇಸ್ತ್ರಿ ಮುಂದೆ ತನ್ನ ಶಿಷ್ಯ ಪ್ರೊಫೆಸರ್ ಆದನೆಂದು ಕೇಳಿ, ಎಂಥ ಒಳ್ಳೆಯ ಕೆಲಸಗಾರ ಕೈತಪ್ಪಿ ಹೋದ ಎಂದು ಬೇಸರ ಪಟ್ಟರೆಂದು ಅವರ ಮನೆಯವರು ನೆನಪಿಸಿಕೊಂಡಿದ್ದಾರೆ. ಮುಂದೆ ಅವರನ್ನು ಕೈಹಿಡಿದದ್ದು ಇದೇ ಕೈಗೆಲಸ.

ಮೊದಲು ಅವರು ಹೊರಟಿದ್ದು ಎಂಜಿನಿಯರ್ ಆಗಲು. ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಕಲಿತರು, ಡ್ರೆಸ್ಡೆನ್‌ನ ಪಾಲಿಟೆಕ್ನಿಕ್ ಸೇರಿದರು, ಒಂದು ವರ್ಷ ಸೈನ್ಯದಲ್ಲಿ ಸೇವೆ ಮಾಡಿದರು. 1877ರಲ್ಲಿ ಮ್ಯೂನಿಕ್‌ಗೆ ಬಂದಾಗ ಮನಸ್ಸು ತಡೆಯಲಿಲ್ಲ. ತನಗೆ ಬೇಕಾಗಿರುವುದು ಎಂಜಿನಿಯರಿಂಗ್ ಅಲ್ಲ, ಪ್ರಕೃತಿಯ ಅಧ್ಯಯನ ಎಂದು ಮನೆಗೆ ಪತ್ರ ಬರೆದು ತಂದೆಯ ಒಪ್ಪಿಗೆ ಕೇಳಿದರು. ತಂದೆ ಒಪ್ಪಿದರು. ಸಿಇಟಿ ಫಾರ್ಮ್ ತುಂಬುವ ಹೊತ್ತಿನಲ್ಲಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

1878ರಲ್ಲಿ ಬರ್ಲಿನ್‌ಗೆ ಹೋಗಿ ಹೆಲ್ಮ್‌ಹೋಲ್ಟ್ಸ್ ಎಂಬ ದೊಡ್ಡ ವಿಜ್ಞಾನಿಯ ಶಿಷ್ಯರಾದರು. 1880ರಲ್ಲಿ, 23ನೇ ವಯಸ್ಸಿನಲ್ಲಿ, ಡಾಕ್ಟರೇಟ್ ಪಡೆದರು. ಗುರುಗಳು ಮೊದಲೇ ಇವರ ಕೈಗೆ ಒಂದು ಪ್ರಶ್ನೆ ಕೊಟ್ಟಿದ್ದರು. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1865ರ ಹೊತ್ತಿಗೆ ಸಮೀಕರಣಗಳ ಮೂಲಕ, ವಿದ್ಯುತ್ ಮತ್ತು ಕಾಂತಶಕ್ತಿಯ ಅಲೆಗಳು ಬೆಳಕಿನ ವೇಗದಲ್ಲಿ ಚಲಿಸಬೇಕು, ಬೆಳಕೂ ಅಂಥದೇ ಒಂದು ಅಲೆ ಎಂದು ಹೇಳಿದ್ದರು. ಕಾಗದದ ಮೇಲೆ ಇದ್ದದ್ದನ್ನು ಕಣ್ಣಿಗೆ ತೋರಿಸಿದವರು ಯಾರೂ ಇರಲಿಲ್ಲ. ಈ ಸಿದ್ಧಾಂತವನ್ನು ಪರೀಕ್ಷಿಸುವ ಒಂದು ಸಮಸ್ಯೆಗೆ ಬರ್ಲಿನ್ ಅಕಾಡೆಮಿ 1879ರಲ್ಲಿ ಬಹುಮಾನ ಸಾರಿತು. ಹರ್ಟ್ಸ್ ಲೆಕ್ಕ ಹಾಕಿ ನೋಡಿದರು. ಆಗ ಇದ್ದ ಉಪಕರಣಗಳಿಂದ ಅದು ಆಗದ ಕೆಲಸವೆಂದು ಕಂಡಿತು, ಬಿಟ್ಟುಬಿಟ್ಟರು. ಆದರೆ ಮರೆಯಲಿಲ್ಲ.

ಕಾರ್ಲ್ಸ್‌ರೂಹೆಯ ಕಿಡಿ

ಮುಂದೆ ಕೀಲ್ ನಗರದಲ್ಲಿ ಎರಡು ವರ್ಷ ಪಾಠ ಮಾಡಿದರು. ಅಲ್ಲಿ ಸರಿಯಾದ ಲ್ಯಾಬ್ ಇರಲಿಲ್ಲ, ಹಾಗಾಗಿ ಮ್ಯಾಕ್ಸ್‌ವೆಲ್ಲರ ಸಿದ್ಧಾಂತವನ್ನೇ ಆಳವಾಗಿ ಓದಿದರು. 1885ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಮರುವರ್ಷ ಸಹೋದ್ಯೋಗಿಯೊಬ್ಬರ ಮಗಳು ಎಲಿಸಬೆತ್ ಡಾಲ್ ಅವರನ್ನು ಮದುವೆಯಾದರು.

ಅದೇ 1886ರ ಕೊನೆಯ ತಿಂಗಳುಗಳಲ್ಲಿ ಪಾಠಕ್ಕೆಂದು ಇಟ್ಟಿದ್ದ ಒಂದು ಜೊತೆ ತಂತಿಸುರುಳಿಗಳನ್ನು ಪರೀಕ್ಷಿಸುತ್ತಿದ್ದಾಗ ಅವರೊಂದು ವಿಷಯ ಗಮನಿಸಿದರು. ಒಂದು ಸುರುಳಿಯಲ್ಲಿ ಕಿಡಿ ಹಾರಿಸಿದರೆ, ತಂತಿಯ ಸಂಪರ್ಕವೇ ಇಲ್ಲದ ಇನ್ನೊಂದು ಸುರುಳಿಯಲ್ಲೂ ಕಿಡಿ ಹಾರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಾಠ ಮುಗಿಸಿ ಹೋಗುತ್ತಿದ್ದರೋ ಏನೋ. ಹರ್ಟ್ಸ್ ಮಾತ್ರ ಏಳು ವರ್ಷ ಹಿಂದೆ ಕೈಬಿಟ್ಟ ಪ್ರಶ್ನೆಯ ಕೀಲಿಕೈ ಈ ಕಿಡಿಯಲ್ಲಿದೆ ಎಂದು ಅರಿತರು. ಕಿಡಿ ಹಾರುವ ಕ್ಷಣದಲ್ಲಿ ವಿದ್ಯುತ್ತು ಒಂದೇ ಕಡೆಗೆ ಹರಿದು ನಿಲ್ಲುವುದಿಲ್ಲ. ಜೋಕಾಲಿಯಂತೆ ಹಿಂದಕ್ಕೂ ಮುಂದಕ್ಕೂ, ಸೆಕೆಂಡಿಗೆ ಕೋಟ್ಯಂತರ ಸಲ ಓಲಾಡುತ್ತದೆ. ಅಷ್ಟು ವೇಗದ ಓಲಾಟ ಸಿಕ್ಕಿದರೆ ಅಲೆ ಕೋಣೆಯೊಳಗೆ ಹಿಡಿಸುವಷ್ಟು ಚಿಕ್ಕದಾಗುತ್ತದೆ, ಅಳೆಯಲು ಬರುತ್ತದೆ.

ಆಗ ಅವರು ಕಟ್ಟಿದ್ದೇ ಡೈಪೋಲ್. ಒಂದೇ ಸಾಲಿನಲ್ಲಿ ಎರಡು ನೇರ ತಾಮ್ರದ ತಂತಿಗಳು, ನಡುವೆ ಕಿಡಿ ಹಾರಲು ಸಣ್ಣ ಸಂದು, ಹೊರಗಿನ ತುದಿಗಳಲ್ಲಿ 30 ಸೆಂಟಿಮೀಟರ್ ಅಗಲದ ಟೊಳ್ಳು ಸತುವಿನ ಗೋಳಗಳು. ನಡುವಿನ ಸಂದಿಗೆ ಇಂಡಕ್ಷನ್ ಕಾಯಿಲ್‌ನಿಂದ ಹೆಚ್ಚು ವೋಲ್ಟೇಜ್. ನಾವು ಪಿವಿಸಿ ಪೈಪಿಗೆ ಕಟ್ಟಿದ ತಂತಿಯ ಅಜ್ಜನ ಅಜ್ಜ ಅದು. ಹಿಡಿಯುವ ಕಡೆ ಇನ್ನೂ ಸರಳ: ಚೌಕವಾಗಿ ಅಥವಾ ದುಂಡಗೆ ಬಾಗಿಸಿದ ಒಂದು ತಂತಿ, ಅದರ ಎರಡು ತುದಿಗಳ ನಡುವೆ ಸ್ಕ್ರೂ ತಿರುಗಿಸಿ ಹಿಗ್ಗಿಸಿ ಕುಗ್ಗಿಸಬಹುದಾದ ಕೂದಲೆಳೆಯ ಸಂದು. ಮೀಟರ್ ಇಲ್ಲ, ಸ್ಪೀಕರ್ ಇಲ್ಲ. ಕೋಣೆ ಕತ್ತಲು ಮಾಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಆ ಸಂದಿನಲ್ಲಿ ಹಾರುವ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯಬೇಕಾದ ಕಿಡಿಯನ್ನು ನೋಡಬೇಕು. ಅವರ ಎಸ್‌ಡಬ್ಲ್ಯುಆರ್ ಮೀಟರ್ ಅವರ ಕಣ್ಣೇ.

ಕಿಡಿಯನ್ನು ಚೆನ್ನಾಗಿ ನೋಡಲೆಂದು ಒಮ್ಮೆ ಹಿಡಿಯುವ ತಂತಿಯ ಸಂದಿಗೆ ಕಪ್ಪು ಪೆಟ್ಟಿಗೆ ಮುಚ್ಚಿದರು. ಕಿಡಿ ಚಿಕ್ಕದಾಯಿತು. ಏಕೆ? ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಅವರು ಮುಖ್ಯ ಕೆಲಸವನ್ನೇ ಕೆಲವು ತಿಂಗಳು ಬದಿಗಿಟ್ಟು ಇದರ ಹಿಂದೆ ಬಿದ್ದರು. ನಡುವೆ ಗಾಜು ಹಿಡಿದರೂ ಕಿಡಿ ಕುಗ್ಗುತ್ತಿತ್ತು, ಸ್ಫಟಿಕ ಶಿಲೆ ಹಿಡಿದರೆ ಕುಗ್ಗುತ್ತಿರಲಿಲ್ಲ. ಮೊದಲ ಕಿಡಿಯ ನೇರಳಾತೀತ ಬೆಳಕು ಎರಡನೇ ಕಿಡಿಗೆ ನೆರವಾಗುತ್ತಿದೆ ಎಂದು 1887ರಲ್ಲಿ ಪ್ರಕಟಿಸಿದರು. ಕಾರಣ ತನಗೆ ಹೊಳೆದಿಲ್ಲವೆಂದು ಒಪ್ಪಿ, ಕಂಡದ್ದನ್ನು ಕಂಡಹಾಗೆ ಬರೆದಿಟ್ಟರು. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ನಾವು ಓದುವ ದ್ಯುತಿವಿದ್ಯುತ್ ಪರಿಣಾಮ ಶುರುವಾಗುವುದು ಇಲ್ಲಿಂದ. ಕಾರಣವನ್ನು ಐನ್‌ಸ್ಟೈನ್ 1905ರಲ್ಲಿ ಹೇಳಿದರು.

ತಂತಿಯನ್ನು ಅಲೆಗೆ ಹೊಂದಿಸುವುದು

ಆಂಟೆನಾ ಕಟ್ಟುವವರು ಓದಲೇಬೇಕಾದ ಭಾಗ ಇದು. ಹಿಡಿಯುವ ತಂತಿಯನ್ನು ಹೇಗೋ ಬಾಗಿಸಿ ಹಿಡಿದರೆ ಕಿಡಿ ಬರುವುದಿಲ್ಲ, ಬಂದರೂ ಮಂಕಾಗಿರುತ್ತದೆ ಎಂಬುದನ್ನು ಹರ್ಟ್ಸ್ ಬೇಗ ಕಂಡುಕೊಂಡರು. ಹಾಗಾಗಿ ತಂತಿಯ ಉದ್ದವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಪ್ರತಿ ಉದ್ದಕ್ಕೂ ಕಿಡಿ ಎಷ್ಟು ದೂರ ಹಾರುತ್ತದೆ ಎಂದು ಬರೆದುಕೊಂಡರು. ಉದ್ದ ಹೆಚ್ಚಿದಂತೆ ಕಿಡಿ ಬೆಳೆಯಿತು, ಒಂದು ಹಂತದಲ್ಲಿ ಗರಿಷ್ಠವಾಯಿತು, ಅಲ್ಲಿಂದ ಮುಂದೆ ಮತ್ತೆ ಇಳಿಯಿತು. ಇದನ್ನು ಗ್ರಾಫ್ ಮಾಡಿದಾಗ ಬೆಟ್ಟದಂಥ ಗೆರೆ ಬಂತು. ಕಳಿಸುವ ಕಡೆ ಗೋಳಗಳನ್ನು ತಂತಿಯ ಮೇಲೆ ಜರುಗಿಸಿದರೆ ಆ ಬೆಟ್ಟದ ತುದಿಯೂ ಜರುಗುತ್ತಿತ್ತು.

ಮಗುವನ್ನು ಜೋಕಾಲಿಯಲ್ಲಿ ತೂಗುವವರಿಗೆ ಇದು ಗೊತ್ತು. ಜೋಕಾಲಿಯ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಅದು ಮೇಲೇರುತ್ತದೆ, ಲಯ ತಪ್ಪಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಇದಕ್ಕೇ ಅನುರಣನ ಎನ್ನುತ್ತಾರೆ. ಇಂದು ಹ್ಯಾಮ್ ಗೆಳೆಯರು ಡೈಪೋಲಿನ ಉದ್ದ ಬದಲಿಸುತ್ತಾ ಮೀಟರಿನ ಮುಳ್ಳು ಎಲ್ಲಿ ಅತಿ ಕೆಳಗೆ ಇಳಿಯುತ್ತದೆ ಎಂದು ನೋಡುವುದು ಇದೇ ಗ್ರಾಫನ್ನು ತಲೆಕೆಳಗಾಗಿ ಬರೆದ ಹಾಗೆ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಚುಚ್ಚಿತು. ಹರ್ಟ್ಸ್ ಬೆಟ್ಟದ ಎರಡೂ ಬದಿಗಳನ್ನು ಅಳೆದಿದ್ದರು, ಪ್ರತಿ ಅಳತೆಯನ್ನೂ ಬರೆದಿದ್ದರು. ನಾವು ಕತ್ತರಿಸುವ ಮೊದಲು ಒಂದು ಟೇಬಲ್ ಕೂಡ ಹಾಕಿಕೊಂಡಿರಲಿಲ್ಲ.

ಗೋಡೆಯ ತಗಡು, ಸಭಾಂಗಣದ ಕಂಬಗಳು

1888ರಲ್ಲಿ ಹರ್ಟ್ಸ್ ಅಲೆಯನ್ನೇ ಅಳೆಯಲು ಹೊರಟರು. ಅದಕ್ಕೆ ಭೌತಶಾಸ್ತ್ರದ ದೊಡ್ಡ ಪಾಠದ ಹಾಲ್ ಆರಿಸಿಕೊಂಡರು. ಉದ್ದ 15 ಮೀಟರ್, ಅಗಲ 14, ಎತ್ತರ 6. ಒಂದು ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡು ಹೊಡೆಸಿದರು. ಅಲೆ ತಗಡಿಗೆ ಬಡಿದು ಹಿಂದಿರುಗಿದಾಗ, ಹೋಗುವ ಅಲೆಯೂ ಬರುವ ಅಲೆಯೂ ಸೇರಿ ಕೆಲವು ಜಾಗಗಳಲ್ಲಿ ಬಲವಾಗುತ್ತವೆ, ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಸೊನೋಮೀಟರ್ ತಂತಿಯ ಮೇಲೆ ನಾವು ನೋಡುವ ಸ್ಥಾಯಿ ಅಲೆ ಇದೇ. 70 ಸೆಂಟಿಮೀಟರ್ ಅಗಲದ ತಂತಿಬಳೆಯನ್ನು ಹಿಡಿದು ಹಾಲಿನಲ್ಲಿ ಹಿಂದೆ ಮುಂದೆ ನಡೆಯುತ್ತಾ ಎಲ್ಲಿ ಕಿಡಿ ಹೊಳೆಯುತ್ತದೆ, ಎಲ್ಲಿ ಆರುತ್ತದೆ ಎಂದು ಅವರು ಗುರುತು ಮಾಡಿದರು. ಅಲೆಯ ಉದ್ದ 9 ಮೀಟರಿಗಿಂತ ಹೆಚ್ಚು ಬಂತು. ಮ್ಯಾಕ್ಸ್‌ವೆಲ್ಲರ ಸಮೀಕರಣದಲ್ಲಿದ್ದ ಅಲೆಗೆ ಮೊದಲ ಸಲ ಅಳತೆಪಟ್ಟಿ ಹಿಡಿದಂತಾಯಿತು. ಎಸ್‌ಡಬ್ಲ್ಯುಆರ್ ಎಂಬ ಹೆಸರಿನೊಳಗಿರುವುದೂ ಈ ಸ್ಥಾಯಿ ಅಲೆಯೇ. ಹಾಲಿನ ಬದಲು ಕೇಬಲ್, ತಗಡಿನ ಬದಲು ಹೊಂದಿಕೆಯಾಗದ ಆಂಟೆನಾ, ಅಷ್ಟೇ.

ಲೋಹ ಹತ್ತಿರವಿದ್ದರೆ ಅಲೆ ಕೆಡುತ್ತದೆಂದು ಹರ್ಟ್ಸ್‌ಗೆ ಗೊತ್ತಿತ್ತು. ಹಾಲಿನಲ್ಲಿ ತೂಗಾಡುತ್ತಿದ್ದ ಗ್ಯಾಸ್ ಪೈಪುಗಳನ್ನೂ ದೀಪಗಳನ್ನೂ ಬಿಚ್ಚಿಸಿದ್ದರು. ಆದರೆ ಎರಡು ಸಾಲು ಕಬ್ಬಿಣದ ಕಂಬಗಳನ್ನು ಬಿಚ್ಚಿಸಲು ಆಗುವುದಿಲ್ಲವಲ್ಲ. ಅಷ್ಟು ದೊಡ್ಡ ಅಲೆಗೆ ಆ ಹಾಲ್ ಚಿಕ್ಕದೂ ಆಗಿತ್ತು. ಪರಿಣಾಮವಾಗಿ ತಂತಿಯ ಮೇಲೆ ಅಲೆಯ ವೇಗ ಒಂದು, ಗಾಳಿಯಲ್ಲಿ ಇನ್ನೊಂದು ಎಂಬ ಉತ್ತರ ಬಂತು. ಸಿದ್ಧಾಂತದ ಪ್ರಕಾರ ಎರಡೂ ಒಂದೇ ಆಗಬೇಕಿತ್ತು. ಸಿದ್ಧಾಂತಕ್ಕೆ ಹೊಂದುವಂತೆ ಅಂಕಿಯನ್ನು ತಿದ್ದುವುದು ಸುಲಭವಿತ್ತು. ನೋಡಿದವರು ಅವರೊಬ್ಬರೇ, ಕತ್ತಲು ಕೋಣೆ, ಕೂದಲೆಳೆಯಷ್ಟು ಕಿಡಿ. ಅವರು ತಿದ್ದಲಿಲ್ಲ. ಬಂದ ಉತ್ತರವನ್ನೇ ಪ್ರಕಟಿಸಿದರು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮ ಲ್ಯಾಬಿನ ಕಿಟಕಿಯ ಕಬ್ಬಿಣದ ಸರಳುಗಳು ಕಣ್ಣ ಮುಂದೆ ಬಂದವು. ನಾವು ತಂತಿಯನ್ನು ಕತ್ತರಿಸುತ್ತಾ ಹೋದೆವು, ತಪ್ಪು ತಂತಿಯಲ್ಲಿ ಇರಲೇ ಇಲ್ಲ.

66 ಸೆಂಟಿಮೀಟರ್

1888ರ ಕೊನೆಗೆ ಹರ್ಟ್ಸ್ ಇನ್ನೊಂದು ದಾರಿ ಹಿಡಿದರು. ಹಾಲ್ ದೊಡ್ಡದು ಮಾಡಲು ಆಗದಿದ್ದರೆ ಅಲೆಯನ್ನು ಚಿಕ್ಕದು ಮಾಡೋಣ ಎಂದು. ಎರಡೂ ತುಂಡು ಸೇರಿ ಸುಮಾರು 26 ಸೆಂಟಿಮೀಟರ್ ಉದ್ದದ ಹಿತ್ತಾಳೆಯ ಡೈಪೋಲ್ ಮಾಡಿದರು. ಅದರ ಅಲೆ ಸುಮಾರು 66 ಸೆಂಟಿಮೀಟರ್. ಇಂದಿನ ಲೆಕ್ಕದಲ್ಲಿ ಅದು 450 ಮೆಗಾಹರ್ಟ್ಸ್ ಹತ್ತಿರ ಬರುತ್ತದೆ. ಹ್ಯಾಮ್‌ಗಳು ಬಳಸುವ 70 ಸೆಂಟಿಮೀಟರ್ ಬ್ಯಾಂಡಿನ ಪಕ್ಕದ ಮನೆ.

ಮರದ ಚೌಕಟ್ಟಿನ ಮೇಲೆ ಸತುವಿನ ತಗಡನ್ನು ಬಾಗಿಸಿ 2 ಮೀಟರ್ ಎತ್ತರದ ಎರಡು ಪ್ಯಾರಾಬೋಲಾ ಕನ್ನಡಿಗಳನ್ನು ಮಾಡಿಸಿದರು. ಒಂದರ ನಾಭಿಯಲ್ಲಿ ಕಳಿಸುವ ಡೈಪೋಲ್, ಇನ್ನೊಂದರಲ್ಲಿ ಹಿಡಿಯುವ ತಂತಿಗಳು. ಮನೆಗಳ ತಾರಸಿಯ ಮೇಲಿನ ಡಿಶ್ ಆಂಟೆನಾಗಳು ಈ ಕನ್ನಡಿಗಳ ವಂಶದವು. ಅಲೆ ಈಗ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಹೋಯಿತು. ಮುಚ್ಚಿದ ಮರದ ಬಾಗಿಲನ್ನು ದಾಟಿತು, ಲೋಹದ ತಗಡಿಗೆ ಬಡಿದು ಬೆಳಕಿನ ನಿಯಮದಂತೆಯೇ ಪ್ರತಿಫಲಿಸಿತು. ಹಿಡಿಯುವ ಕನ್ನಡಿಯನ್ನು 90 ಡಿಗ್ರಿ ಹೊರಳಿಸಿದರೆ ಕಿಡಿ ಆರಿಹೋಗುತ್ತಿತ್ತು. ನಿಂತ ಆಂಟೆನಾದ ಮಾತನ್ನು ಮಲಗಿದ ಆಂಟೆನಾ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಎಂದು ಹ್ಯಾಮ್‌ಗಳು ಇಂದಿಗೂ ಹೇಳುವ ಪಾಠ ಅದು. ಕೊನೆಗೆ ಡಾಂಬರಿನಂಥ ರಾಳದಿಂದ ಒಂದೂವರೆ ಮೀಟರ್ ಎತ್ತರದ, ಸುಮಾರು 600 ಕಿಲೋಗ್ರಾಂ ತೂಕದ ಪ್ರಿಸಂ ಎರಕ ಹೊಯ್ಯಿಸಿ ಅಲೆಯನ್ನು ಅದರ ಮೂಲಕ ಹಾಯಿಸಿದರು. ಅಲೆ ಬಾಗಿತು. ಬೆಳಕು ಮಾಡುವುದನ್ನೆಲ್ಲ ಈ ಅಲೆಯೂ ಮಾಡಿತು. ಮ್ಯಾಕ್ಸ್‌ವೆಲ್ ಸರಿ ಎಂದು ಜಗತ್ತು ಒಪ್ಪಿತು. ಆದರೆ ಆ ಹೊತ್ತಿಗೆ ಮ್ಯಾಕ್ಸ್‌ವೆಲ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

ಈ ಅಲೆಗಳನ್ನು ಸುದ್ದಿ ಕಳಿಸಲು ಬಳಸಬಹುದೆಂದು ಹರ್ಟ್ಸ್‌ಗೆ ಹೊಳೆಯಲಿಲ್ಲ. ಟೆಲಿಫೋನಿನ ಮಾತನ್ನು ಹೀಗೆ ಕಳಿಸಲು ಆಗುತ್ತದೆಯೇ ಎಂದು ಒಬ್ಬ ಎಂಜಿನಿಯರ್ ಪತ್ರ ಬರೆದು ಕೇಳಿದಾಗ, ಮಾತಿನ ಕಂಪನ ಬಹಳ ನಿಧಾನ, ಅದರ ಅಲೆ ಬಹಳ ಉದ್ದ, ಅದಕ್ಕೆ ಒಂದು ಭೂಖಂಡದಷ್ಟು ದೊಡ್ಡ ಕನ್ನಡಿ ಬೇಕಾದೀತು ಎಂದು ಉತ್ತರ ಕೊಟ್ಟರು. ಲೆಕ್ಕ ಸರಿಯೇ ಇತ್ತು. ವೇಗದ ಅಲೆಯ ಬೆನ್ನ ಮೇಲೆ ನಿಧಾನದ ಮಾತನ್ನು ಕೂರಿಸಬಹುದೆಂಬುದು ಮುಂದಿನವರಿಗೆ ಹೊಳೆದ ಉಪಾಯ.

ತಪ್ಪುಗಳನ್ನು ಅಳಿಸದ ಪುಸ್ತಕ

1889ರಲ್ಲಿ ಹರ್ಟ್ಸ್ ಬಾನ್ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ರಂಫರ್ಡ್ ಪದಕ ಕೊಟ್ಟಿತು. ಹೆಸರು ಎಲ್ಲೆಡೆ ಹರಡಿತ್ತು. ಅಂಥ ಹೊತ್ತಿನಲ್ಲಿ ಫ್ರಾನ್ಸಿನ ಗಣಿತಜ್ಞ ಪಾಂಕರೆ, ಹರ್ಟ್ಸ್ ಅವರ ಮೊದಲ ಲೇಖನದ ಲೆಕ್ಕದಲ್ಲೇ ತಪ್ಪಿದೆ ಎಂದು ತೋರಿಸಿದರು. ಓಲಾಟದ ಅವಧಿಯ ಲೆಕ್ಕದಲ್ಲಿ 2ರ ವರ್ಗಮೂಲದಷ್ಟು ವ್ಯತ್ಯಾಸ ಬಂದಿತ್ತು. ಪರೀಕ್ಷೆಯಲ್ಲಿ ನಾವು ಮಾಡುವಂಥ ತಪ್ಪು!

1892ರಲ್ಲಿ ಹರ್ಟ್ಸ್ ತಮ್ಮ ಲೇಖನಗಳನ್ನೆಲ್ಲ ಸೇರಿಸಿ ಪುಸ್ತಕ ತಂದರು. ಹಳೆಯ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿ ಅಚ್ಚು ಹಾಕಿಸಲು ಅದು ಸರಿಯಾದ ಅವಕಾಶವಾಗಿತ್ತು. ಅವರು ಲೇಖನಗಳನ್ನು ಮೊದಲು ಬಂದಹಾಗೆಯೇ ಮುದ್ರಿಸಿದರು. ಕೊನೆಯಲ್ಲಿ ಟಿಪ್ಪಣಿಗಳನ್ನು ಸೇರಿಸಿ, ಇಲ್ಲಿ ತಪ್ಪಿದೆ, ಇದನ್ನು ಪಾಂಕರೆ ತೋರಿಸಿಕೊಟ್ಟರು ಎಂದು ಬರೆದರು. ತಂತಿ ಮತ್ತು ಗಾಳಿಯ ವೇಗದ ಅಳತೆಯ ಬಗ್ಗೆ ತಮಗಿದ್ದ ಸಂಶಯವನ್ನೂ ಮುಚ್ಚಿಡಲಿಲ್ಲ. 1893ರಲ್ಲಿ ಜಿನೀವಾದ ಸರಾಸಿನ್ ಮತ್ತು ದೆ ಲಾ ರೀವ್ ಎಂಬಿಬ್ಬರು, ಅಲ್ಲಿನ ನೀರು ಸರಬರಾಜಿನ ವಿಶಾಲ ಕಟ್ಟಡದಲ್ಲಿ 8 ಮೀಟರ್ ಎತ್ತರ 16 ಮೀಟರ್ ಅಗಲದ ತಗಡು ನಿಲ್ಲಿಸಿ ಅದೇ ಪ್ರಯೋಗ ಮಾಡಿದರು. ಎರಡೂ ವೇಗ ಒಂದೇ ಎಂದು ಸಾಬೀತಾಯಿತು. ಹರ್ಟ್ಸ್ ತಮ್ಮ ಅಳತೆಗಳನ್ನು ಬಂದಹಾಗೆಯೇ ಬರೆದಿಟ್ಟಿದ್ದರಿಂದ ತಪ್ಪು ಎಲ್ಲಿ ನುಸುಳಿತು ಎಂದು ಹುಡುಕಲು ಬೇರೆಯವರಿಗೆ ದಾರಿ ಇತ್ತು. ತಿದ್ದಿ ಬರೆದಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ.

ಹೊಸ ವರ್ಷದ ದಿನ

ಅಷ್ಟರಲ್ಲಿ ಕಾಯಿಲೆ ಅಂಟಿಕೊಂಡಿತ್ತು. 1892ರಲ್ಲಿ ಶುರುವಾದ ತಲೆನೋವು ಮತ್ತು ಸೋಂಕು ಶಸ್ತ್ರಚಿಕಿತ್ಸೆಗಳಿಗೂ ಬಗ್ಗಲಿಲ್ಲ. ನೋವಿನ ನಡುವೆಯೇ ಯಂತ್ರಶಾಸ್ತ್ರದ ತತ್ವಗಳ ಬಗ್ಗೆ ಒಂದು ಪುಸ್ತಕ ಬರೆದರು, ಪಾಠ ಮಾಡಿದರು. 1894ರ ಜನವರಿ 1ರಂದು ಬಾನ್ ನಗರದಲ್ಲಿ ತೀರಿಕೊಂಡರು. ವಯಸ್ಸು 36. ಹಿರಿಯ ಮಗಳು ಜೊಹಾನಾಗೆ 6 ವರ್ಷ, ಕಿರಿಯವಳು ಮಟಿಲ್ಡಾಗೆ ಇನ್ನೂ 3 ತುಂಬಿರಲಿಲ್ಲ. ಅವರನ್ನು ಹುಟ್ಟೂರು ಹ್ಯಾಂಬರ್ಗಿನಲ್ಲಿ ಮಣ್ಣು ಮಾಡಿದರು. ಕೊನೆಯ ಪುಸ್ತಕ ಅವರು ಹೋದ ಮೇಲೆ ಬಂತು.

ಅದೇ ವರ್ಷ ಇಟಲಿಯಲ್ಲಿ ಮಾರ್ಕೋನಿ ಎಂಬ ಇಪ್ಪತ್ತರ ಹುಡುಗ ಹರ್ಟ್ಸ್ ಅವರ ಕೆಲಸದ ಬಗ್ಗೆ ಓದಿ ತನ್ನ ಮನೆಯಲ್ಲೇ ತಂತಿ ಕಟ್ಟಲು ಶುರುಮಾಡಿದ. 1895ರಲ್ಲಿ ಕಲ್ಕತ್ತಾದಲ್ಲಿ ಜಗದೀಶ ಚಂದ್ರ ಬೋಸ್ ಇನ್ನೂ ಚಿಕ್ಕ ಅಲೆಗಳನ್ನು ಮಾಡಿ ಜನರ ಮುಂದೆ ತೋರಿಸಿದರು.

1930ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಆವೃತ್ತಿಯ ಏಕಮಾನಕ್ಕೆ ಹರ್ಟ್ಸ್ ಎಂದು ಹೆಸರಿಟ್ಟಿತು. ಕೆಲವೇ ವರ್ಷಗಳಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ತಂದೆಯ ಕಡೆಯ ಯಹೂದಿ ಮೂಲದ ಕಾರಣಕ್ಕೆ ಹ್ಯಾಂಬರ್ಗ್ ನಗರಸಭಾ ಭವನದಿಂದ ಅವರ ಚಿತ್ರ ಇಳಿಸಲಾಯಿತು. ಜೀವವಿಜ್ಞಾನಿಯಾಗಿದ್ದ ಮಗಳು ಮಟಿಲ್ಡಾ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋಗಬೇಕಾಯಿತು. ಗೋಡೆಯ ಮೇಲಿನ ಚಿತ್ರ ಇಳಿಸಿದರು, ಆದರೆ ಆ ಹೆಸರು ಪ್ರತಿ ರೇಡಿಯೋ ಅಲೆಯ ಜೊತೆ ಉಳಿಯಿತು.

ಮೈದಾನದಲ್ಲಿ ಬಿದಿರು

ಕಾಲೇಜು ಶುರುವಾದ ದಿನ ನಾನು ಉಪನ್ಯಾಸಕರ ಬಳಿ ಹೋಗಿ ಚಾರ್ಟಿನ 1.1ರ ಸಂಗತಿ ಹೇಳಿದೆ. ಅವರು ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. 73ನ್ನು 50ರಿಂದ ಭಾಗಿಸು ಎಂದರು. ಭಾಗಿಸಿದೆ. 1.46 ಬಂತು. ಬಯಲಿನಲ್ಲಿ ನೇರವಾಗಿ ಕಟ್ಟಿದ ಡೈಪೋಲಿನ ಇಂಪಿಡೆನ್ಸ್ ಸುಮಾರು 73 ಓಮ್, ನಮ್ಮ ಕೇಬಲ್ 50 ಓಮ್. ಅದು ಸರಿಯಾಗಿ ಕೆಲಸ ಮಾಡಿದರೂ ಮೀಟರ್ ಒಂದೂವರೆಯ ಹತ್ತಿರವೇ ನಿಲ್ಲಬೇಕು. ನಾನು ಬರೆದ ಅಂಕಿ ನಮ್ಮ ಆಂಟೆನಾಗೆ ಸಾಧ್ಯವಾಗುವಷ್ಟಕ್ಕಿಂತ ಚೆನ್ನಾಗಿತ್ತು. ಪ್ರದರ್ಶನದ ದಿನವೇ ಅವರಿಗೆ ಅದು ಗೊತ್ತಾಗಿತ್ತು. ನಾವಾಗಿ ಬರುತ್ತೇವೆಯೇ ಎಂದು ಕಾದಿದ್ದರು.

ಆ ಶನಿವಾರ ನಾವು ಮೂವರು ಹೊಸ ತಂತಿ ತೆಗೆದುಕೊಂಡು 50 ಸೆಂಟಿಮೀಟರಿಗೆ ಕತ್ತರಿಸಿದೆವು, ಬೇಕಿದ್ದರೆ ಇಳಿಸಲು ಬರುವಂತೆ ಸ್ವಲ್ಪ ಉದ್ದ ಇಟ್ಟುಕೊಂಡೆವು. ಕೇಬಲ್ಲಿನ ಹೊರಮೈ ಮೇಲೆ ಕರೆಂಟ್ ಹರಿಯದಂತೆ ಆಂಟೆನಾದ ಬಳಿ ಕೇಬಲ್ಲನ್ನೇ ಕೆಲವು ಸುತ್ತು ಸುತ್ತಿದೆವು. ಕಟ್ಟಡಗಳಿಂದ ದೂರ, ಮೈದಾನದ ನಡುವೆ ಬಿದಿರು ನಿಲ್ಲಿಸಿದೆವು. ಈ ಸಲ ನೋಟ್‌ಬುಕ್ಕಿನಲ್ಲಿ ಟೇಬಲ್ ಇತ್ತು. 50 ಸೆಂಟಿಮೀಟರಿಗೆ 1.8. 49.5ಕ್ಕೆ 1.6. 49ಕ್ಕೆ 1.5. 48.5ಕ್ಕೆ ಮತ್ತೆ 1.6. ಬೆಟ್ಟದ ಎರಡೂ ಬದಿ ಸಿಕ್ಕಿತು. ಆಮೇಲೆ ಉಪನ್ಯಾಸಕರು ಹೇಳಿದಂತೆ 49 ಸೆಂಟಿಮೀಟರಿನ ಎರಡು ಕೈಗಳನ್ನು ಕೆಳಮುಖವಾಗಿ ಬಾಗಿಸಿದೆವು. ಹಾಗೆ ಮಾಡಿದರೆ ಇಂಪಿಡೆನ್ಸ್ ಇಳಿದು 50ರ ಹತ್ತಿರ ಬರುತ್ತದೆ. ಮುಳ್ಳು 1.2ಕ್ಕೆ ಇಳಿಯಿತು. 1.1 ಆಗಲಿಲ್ಲ, ಆಗಬೇಕೆಂದು ನಮಗೆ ಅನಿಸಲೂ ಇಲ್ಲ.

ಬಹುಮಾನದ ಪ್ರಮಾಣಪತ್ರಗಳನ್ನು ಹಿಂದಿರುಗಿಸಿದೆವು. ಚಾರ್ಟನ್ನು ಹರಿದು ಹೊಸದು ಮಾಡುತ್ತೇವೆ ಎಂದಾಗ ಉಪನ್ಯಾಸಕರು ಬೇಡವೆಂದರು. ಅದು ಈಗಲೂ ಲ್ಯಾಬಿನ ಗೋಡೆಯ ಮೇಲಿದೆ. 1.1ರ ಮೇಲೆ ಒಂದು ಗೆರೆ ಎಳೆದಿದ್ದೇವೆ, ಓದಲು ಬರುವಷ್ಟು ತೆಳುವಾಗಿ. ಪಕ್ಕದಲ್ಲಿ ಲ್ಯಾಬಿನ ಅಳತೆಯೂ ಮೈದಾನದ ಅಳತೆಯೂ ದಿನಾಂಕದೊಡನೆ ಇವೆ. ಈ ವರ್ಷ ಹ್ಯಾಮ್ ಪರೀಕ್ಷೆಗೆ ಕೂರಬೇಕೆಂದು ಮೂವರೂ ಓದುತ್ತಿದ್ದೇವೆ. ಆಸಕ್ತಿ ಇರುವ ಪ್ರಥಮ ಪಿಯುಸಿಯವರು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ. ಬರುವಾಗ ಒಂದು ಅಳತೆಪಟ್ಟಿ ಮತ್ತು ನೋಟ್‌ಬುಕ್ ತನ್ನಿ. ತಂತಿ ನಮ್ಮಲ್ಲಿದೆ.

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ